ಬಯಾಪ್ಸಿಯ ಸೂಜಿ ಮತ್ತು ಯಾರೂ ಇಡದ ಲೆಕ್ಕ

ಐವತ್ತು ದಾಟಿದ ಗಂಡಸರಿಗಾಗಿ ಆಸ್ಪತ್ರೆಗಳು ರೂಪಿಸಿರುವ ‘ಸಮಗ್ರ ಆರೋಗ್ಯ ತಪಾಸಣೆ’ಯ ಪ್ಯಾಕೇಜುಗಳಲ್ಲಿ ಸಕ್ಕರೆ, ಕೊಲೆಸ್ಟರಾಲ್, ಇಸಿಜಿಗಳ ಜೊತೆಗೆ ಪಿಎಸ್‌ಎ ಎಂಬ ರಕ್ತಪರೀಕ್ಷೆಯೂ ಸದ್ದಿಲ್ಲದೆ ಸೇರಿಕೊಂಡಿರುತ್ತದೆ. ಪರೀಕ್ಷೆ ಮಾಡಿಸಿಕೊಂಡವರಲ್ಲಿ ಹಲವರಿಗೆ ಅದು ಏನೆಂದು ತಿಳಿಯುವುದು ವರದಿಯಲ್ಲಿ ಆ ಅಂಕಿಯ ಎದುರು ಒಂದು ಗುರುತು ಬಿದ್ದಾಗಲೇ. ಅಲ್ಲಿಂದ ಮುಂದಿನ ಹಾದಿ ಬಹುಮಟ್ಟಿಗೆ ನಿಗದಿಯಾದದ್ದು: ಮೂತ್ರರೋಗ ತಜ್ಞರ ಭೇಟಿ, ಬೆರಳಿನಿಂದ ಒಂದು ಪರೀಕ್ಷೆ, ನಂತರ ಬಯಾಪ್ಸಿಗೆ ದಿನಾಂಕ. ‘ಸಣ್ಣ ಪ್ರಕ್ರಿಯೆ, ಬೆಳಿಗ್ಗೆ ಬಂದು ಮಧ್ಯಾಹ್ನ ಮನೆಗೆ ಹೋಗಬಹುದು’ ಎಂಬ ಭರವಸೆಯೂ ಸಿಗುತ್ತದೆ. ಈ ಭರವಸೆ ಸುಳ್ಳೇನಲ್ಲ. ಹೆಚ್ಚಿನವರ ವಿಷಯದಲ್ಲಿ ಅದು ನಿಜವೇ ಆಗುತ್ತದೆ. ಆದರೆ ಸೂಜಿ ಯಾವ ದಾರಿಯಾಗಿ ಒಳಹೋಗುತ್ತದೆ, ಆ ದಾರಿಯಲ್ಲಿ ಏನಿರುತ್ತದೆ, ಅದೇ ಆಸ್ಪತ್ರೆಯಲ್ಲಿ ಹಿಂದೆ ಚುಚ್ಚಿಸಿಕೊಂಡವರಲ್ಲಿ ಎಷ್ಟು ಮಂದಿ ಜ್ವರ ಹಿಡಿದು ಮರಳಿ ಬಂದರು ಎಂಬುದನ್ನು ರೋಗಿಗೆ ಹೇಳುವ ರೂಢಿ ನಮ್ಮಲ್ಲಿ ಇನ್ನೂ ಬೆಳೆದಿಲ್ಲ.

ನಾನು ವೈದ್ಯನಲ್ಲ. ಅರ್ಥಶಾಸ್ತ್ರ ಓದಿ, ಮೂರು ದಶಕಕ್ಕೂ ಹೆಚ್ಚು ಕಾಲ ಸರ್ಕಾರಿ ಕಡತಗಳ ನಡುವೆ ಕಳೆದವನು. ನನ್ನ ವಯಸ್ಸಿನವರ ಹರಟೆಯಲ್ಲಿ ಪಿಂಚಣಿ, ತುಟ್ಟಿಭತ್ಯೆಗಳಷ್ಟೇ ಸಲ ಪ್ರಾಸ್ಟೇಟ್ ಎಂಬ ಪದವೂ ಕೇಳಿಬರುವುದರಿಂದ, ಮತ್ತು ನನ್ನ ವರದಿಯಲ್ಲಿಯೂ ಅಂಥದೊಂದು ಗುರುತು ಬಿದ್ದದ್ದರಿಂದ, ಈ ವಿಷಯವನ್ನು ಕಡತ ಓದುವ ಶ್ರದ್ಧೆಯಿಂದಲೇ ಓದಬೇಕಾಯಿತು.

ಪ್ರಾಸ್ಟೇಟ್ ಎಂಬುದು ಮೂತ್ರಕೋಶದ ಕೆಳಗೆ, ಗುದನಾಳದ ಮುಂದೆ ಇರುವ ಅಕ್ರೋಟಿನ ಗಾತ್ರದ ಗ್ರಂಥಿ. ಅದು ಸ್ರವಿಸುವ ಒಂದು ಪ್ರೋಟೀನೇ ಪಿಎಸ್‌ಎ. ರಕ್ತದಲ್ಲಿ ಅದರ ಪ್ರಮಾಣ ಪ್ರತಿ ಮಿಲಿಲೀಟರಿಗೆ 4 ನ್ಯಾನೊಗ್ರಾಂ ಮೀರಿದರೆ ಅನುಮಾನಿಸುವುದು ಹಳೆಯ ವಾಡಿಕೆ. ಆದರೆ ಈ ಅಂಕಿಯನ್ನು ಕ್ಯಾನ್ಸರ್ ಒಂದೇ ಏರಿಸುವುದಿಲ್ಲ. ವಯಸ್ಸಿಗೆ ಸಹಜವಾಗಿ ಗ್ರಂಥಿ ಊದಿಕೊಂಡರೂ ಏರುತ್ತದೆ, ಮೂತ್ರದ ಸೋಂಕಾದರೂ ಏರುತ್ತದೆ. 4ರಿಂದ 10ರವರೆಗಿನ ಅಂಕಿ ಇರುವವರಲ್ಲಿ ಸುಮಾರು ನಾಲ್ವರಿಗೆ ಒಬ್ಬರಲ್ಲಿ ಮಾತ್ರ ಬಯಾಪ್ಸಿಯಿಂದ ಕ್ಯಾನ್ಸರ್ ಪತ್ತೆಯಾಗುತ್ತದೆ. 1970ರಲ್ಲಿ ಈ ಗ್ರಂಥಿಯ ಪ್ರತಿಜನಕವನ್ನು ಗುರುತಿಸಿದ ಅಮೆರಿಕದ ವಿಜ್ಞಾನಿ ರಿಚರ್ಡ್ ಆಬ್ಲಿನ್ ಅವರೇ, ನಲವತ್ತು ವರ್ಷಗಳ ನಂತರ, 2010ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಲೇಖನ ಬರೆದು, ಆರೋಗ್ಯವಂತರೆಲ್ಲರಿಗೂ ಈ ಪರೀಕ್ಷೆ ನಡೆಸುವುದು ನಾಣ್ಯ ಚಿಮ್ಮಿ ನೋಡುವುದಕ್ಕಿಂತ ಹೆಚ್ಚು ಪ್ರಯೋಜನಕಾರಿಯಲ್ಲ ಎಂಬ ಅರ್ಥದ ಮಾತು ಹೇಳಿದರು. ಮಾತು ಸ್ವಲ್ಪ ಖಾರವಾಯಿತು ಎಂದು ನನಗೆ ಅನ್ನಿಸುತ್ತದೆ. ಆದರೂ ಜನಕನೇ ಆಡಿದ ಮಾತಿಗೆ ತೂಕವಿದೆ.

ಕ್ಯಾನ್ಸರ್ ಇದೆಯೇ ಇಲ್ಲವೇ ಎಂದು ಖಚಿತವಾಗಿ ಹೇಳಬಲ್ಲದ್ದು ಬಯಾಪ್ಸಿ ಒಂದೇ. ದಶಕಗಳಿಂದ ರೂಢಿಯಲ್ಲಿರುವ ಕ್ರಮದಲ್ಲಿ ಗುದದ್ವಾರದ ಮೂಲಕ ಬೆರಳು ಗಾತ್ರದ ಅಲ್ಟ್ರಾಸೌಂಡ್ ಸಾಧನವನ್ನು ತೂರಿಸಿ, ಪರದೆಯ ಮೇಲೆ ಗ್ರಂಥಿಯನ್ನು ನೋಡುತ್ತ, ಸ್ಪ್ರಿಂಗ್ ಬಲದಿಂದ ಚಿಮ್ಮುವ ಸೂಜಿಯಿಂದ ಹತ್ತು ಹನ್ನೆರಡು ಕಡೆ ಎಳೆಯಂಥ ತುಣುಕುಗಳನ್ನು ತೆಗೆಯುತ್ತಾರೆ. ಪ್ರತಿ ಬಾರಿಯೂ ಸೂಜಿ ಗುದನಾಳದ ಗೋಡೆಯನ್ನು ಹಾದು ಗ್ರಂಥಿಯೊಳಗೆ ಹೋಗುತ್ತದೆ. ಗುದನಾಳವೆಂದರೆ ಕೋಟ್ಯಂತರ ಬ್ಯಾಕ್ಟೀರಿಯಾಗಳ ವಾಸಸ್ಥಾನ. ಮುಖ್ಯವಾಗಿ ಇ-ಕೋಲೈ ಎಂಬ ಜೀವಿ ಅಲ್ಲಿದ್ದಷ್ಟು ಕಾಲ ನಿರುಪದ್ರವಿ. ಸೂಜಿಯ ತುದಿಯಲ್ಲಿ ಕೂತು ರಕ್ತ ಹೇರಳವಾಗಿ ಹರಿಯುವ ಗ್ರಂಥಿಯನ್ನು ಸೇರಿದರೆ ಮಾತ್ರ ಅಪಾಯ. ಇದು ಬಯಾಪ್ಸಿ ಮಾಡುವವರ ಅಜಾಗರೂಕತೆಯಲ್ಲ, ದಾರಿಯ ಗುಣ. ಈ ಕಾರಣಕ್ಕೇ ಚುಚ್ಚುವ ಮೊದಲು ಆ್ಯಂಟಿಬಯೊಟಿಕ್ ಕೊಡುವುದು ಕಡ್ಡಾಯವಾಯಿತು. ಬಹುಕಾಲ ಆ ಔಷಧವೆಂದರೆ ಸಿಪ್ರೊಫ್ಲಾಕ್ಸಸಿನ್ ಅಥವಾ ಅದರ ಬಳಗದ ಇನ್ನೊಂದು.

ಔಷಧ ಕೆಲಸ ಮಾಡುವಷ್ಟು ದಿನ ಎಲ್ಲವೂ ಸರಿಯಿತ್ತು. ಅದು ಸೋಲತೊಡಗಿದ್ದನ್ನು ಸ್ಪಷ್ಟವಾಗಿ ತೋರಿಸಿದ್ದು ಕೆನಡಾದ ಒಂಟಾರಿಯೊ ಪ್ರಾಂತ್ಯದ ಅಧ್ಯಯನ. ಅಲ್ಲಿ 1996ರಿಂದ 2005ರವರೆಗೆ ಬಯಾಪ್ಸಿ ಮಾಡಿಸಿಕೊಂಡ 75,190 ಮಂದಿಯ ದಾಖಲೆಗಳನ್ನು ಪರಿಶೀಲಿಸಿ 2010ರಲ್ಲಿ ವರದಿ ಪ್ರಕಟಿಸಲಾಯಿತು. ಕ್ಯಾನ್ಸರ್ ಇಲ್ಲವೆಂದು ತಿಳಿದುಬಂದವರಲ್ಲಿ, ಬಯಾಪ್ಸಿಯ ನಂತರ 30 ದಿನಗಳೊಳಗೆ ತೊಂದರೆಯಿಂದ ಆಸ್ಪತ್ರೆ ಸೇರಿದವರ ಪ್ರಮಾಣ 1996ರಲ್ಲಿ ಶೇ 1.0 ಇದ್ದದ್ದು 2005ರ ಹೊತ್ತಿಗೆ ಶೇ 4.1ಕ್ಕೆ ಏರಿತ್ತು. ಹಾಗೆ ಸೇರಿದವರಲ್ಲಿ ಶೇ 72ರಷ್ಟು ಮಂದಿಗೆ ಸೋಂಕೇ ಕಾರಣ. ಸಾವು ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಎಂಬುದು ಸಮಾಧಾನದ ವಿಷಯ. ಆದರೆ ಇವರು ರೋಗಿಗಳೇ ಅಲ್ಲ, ರೋಗವಿದೆಯೇ ಎಂದು ತಿಳಿಯಲು ಹೋದವರು ಎಂಬುದನ್ನು ಮರೆಯಬಾರದು. ಹತ್ತೇ ವರ್ಷಗಳಲ್ಲಿ ಅಪಾಯ ನಾಲ್ಕು ಪಟ್ಟಾಯಿತು. ಇದೇ ಅವಧಿಯಲ್ಲಿ ಸಿಪ್ರೊಫ್ಲಾಕ್ಸಸಿನ್‌ಗೆ ಜಗ್ಗದ ಇ-ಕೋಲೈ ತಳಿಗಳು ಎಲ್ಲೆಡೆ ಹೆಚ್ಚುತ್ತ ಬಂದಿದ್ದವು.

ಕೆನಡಾದ ಸ್ಥಿತಿಯೇ ಹೀಗಾದರೆ ನಮ್ಮದೇನು? ಸ್ವೀಡನ್ನಿನ ಉಪ್ಸಾಲಾದಲ್ಲಿ ವಿದೇಶ ಪ್ರವಾಸ ಮುಗಿಸಿ ಬಂದ ನೂರು ಮಂದಿಯ ಮಲ ಪರೀಕ್ಷಿಸಿದ ಒಂದು ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಪ್ರಮುಖ ಆ್ಯಂಟಿಬಯೊಟಿಕ್‌ಗಳನ್ನು ನಿಷ್ಫಲಗೊಳಿಸುವ ಇ-ಕೋಲೈ 24 ಮಂದಿಯ ಕರುಳಿನಲ್ಲಿ ಹೊಸದಾಗಿ ಕಂಡುಬಂತು. ಭಾರತಕ್ಕೆ ಬಂದುಹೋದವರು ಅವರಲ್ಲಿ ಕೇವಲ ಎಂಟು ಮಂದಿ. ಆ ಎಂಟರಲ್ಲಿ ಏಳು ಮಂದಿ ಅದನ್ನು ಹೊತ್ತು ಮನೆಗೆ ಮರಳಿದ್ದರು. ಎಂಟು ಚಿಕ್ಕ ಸಂಖ್ಯೆ, ನಿಜ. ಆದರೆ ಆನಂತರ ಬಂದ ಮಾಹಿತಿ ಈ ಚಿತ್ರವನ್ನು ಅಳಿಸಲಿಲ್ಲ. ಬಯಾಪ್ಸಿಗೆ ಮುನ್ನ ‘ಇತ್ತೀಚೆಗೆ ವಿದೇಶ ಪ್ರವಾಸ ಮಾಡಿದ್ದೀರಾ’ ಎಂದು ಪಾಶ್ಚಾತ್ಯ ವೈದ್ಯರು ಕೇಳುವುದು ಈ ಕಾರಣಕ್ಕೆ. ಅವರ ಪ್ರವಾಸಿಗೆ ಎರಡು ವಾರದ ಅಪಾಯವಾದದ್ದು ನಮಗೆ ಕಾಯಂ ವಿಳಾಸ! ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2013ರಿಂದ ನಡೆಸುತ್ತಿರುವ ನಿಗಾ ಜಾಲದ ವರದಿಗಳ ಪ್ರಕಾರ ನಮ್ಮ ದೊಡ್ಡ ಆಸ್ಪತ್ರೆಗಳ ರೋಗಿಗಳಲ್ಲಿ ಸಿಗುವ ಇ-ಕೋಲೈ ಮಾದರಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸಿಪ್ರೊಫ್ಲಾಕ್ಸಸಿನ್‌ಗೆ ಮಣಿಯುವುದಿಲ್ಲ.

ಇದರ ಕಾರಣ ಹುಡುಕಲು ಪ್ರಯೋಗಾಲಯಕ್ಕೆ ಹೋಗಬೇಕಿಲ್ಲ, ಬೀದಿಯ ಕೊನೆಯ ಔಷಧ ಅಂಗಡಿಗೆ ಹೋದರೆ ಸಾಕು. ಭೇದಿಗೊಂದು, ಜ್ವರಕ್ಕೊಂದು ಎಂದು ಚೀಟಿಯಿಲ್ಲದೆ ಕೊಂಡು, ಎರಡು ದಿನ ನುಂಗಿ ಬಿಟ್ಟ ಗುಳಿಗೆಗಳ ಬೆಲೆಯನ್ನು ಕೊಂಡವರು ಪೂರ್ತಿ ತೆತ್ತಿಲ್ಲ. ಅರ್ಥಶಾಸ್ತ್ರದಲ್ಲಿ ಇದನ್ನು ಬಾಹ್ಯ ಪರಿಣಾಮ ಎನ್ನುತ್ತೇವೆ: ಕಾರ್ಖಾನೆಯ ಹೊಗೆಯ ಬೆಲೆಯನ್ನು ನೆರೆಯವನ ಶ್ವಾಸಕೋಶ ತೆರುವಂತೆ, ಒಬ್ಬರ ಅನಗತ್ಯ ಗುಳಿಗೆಯ ಬೆಲೆಯನ್ನು ಮುಂದೆಂದೋ ಬಯಾಪ್ಸಿಯ ಮೇಜಿನ ಮೇಲೆ ಮಲಗುವ ಇನ್ನೊಬ್ಬರು ತೆರುತ್ತಾರೆ.

ಹಾಗೆ ತೆತ್ತವರಲ್ಲಿ ನನ್ನ ಹಳೆಯ ಸಹೋದ್ಯೋಗಿಯೊಬ್ಬರಿದ್ದಾರೆ. ಮಧುಮೇಹವಿದೆ, ಬಯಾಪ್ಸಿಗೆ ಎರಡು ತಿಂಗಳ ಹಿಂದೆ ಹಲ್ಲಿನ ಬಾವಿಗೆಂದು ಆ್ಯಂಟಿಬಯೊಟಿಕ್ ತೆಗೆದುಕೊಂಡಿದ್ದರು. ಇವೆರಡೂ ಸೋಂಕಿನ ಸಂಭವವನ್ನು ಹೆಚ್ಚಿಸುವ ಅಂಶಗಳು. ಇವೆರಡನ್ನೂ ಅವರನ್ನು ಯಾರೂ ಕೇಳಲಿಲ್ಲ. ಗುರುವಾರ ಬಯಾಪ್ಸಿಯಾಯಿತು. ಶನಿವಾರ ರಾತ್ರಿ ಹಲ್ಲು ಕಟಕಟಿಸುವ ಚಳಿ ಬಂತು. ಆಸ್ಪತ್ರೆಗೆ ಫೋನ್ ಮಾಡಿದರೆ, ‘ಪ್ಯಾರಾಸಿಟಮಾಲ್ ಕೊಡಿ, ಸೋಮವಾರ ಓಪಿಡಿಗೆ ಬನ್ನಿ’ ಎಂಬ ಉತ್ತರ. ಅವರ ಪತ್ನಿ ಆ ಮಾತು ಕೇಳದೆ ನಡುರಾತ್ರಿಯೇ ಆಟೊ ಹಿಡಿದು ಬೇರೊಂದು ಆಸ್ಪತ್ರೆಗೆ ಕರೆದೊಯ್ದದ್ದರಿಂದ ಅವರು ಉಳಿದರು. ರಕ್ತಕ್ಕೆ ನಂಜೇರಿತ್ತು, ತೀವ್ರ ನಿಗಾ ಘಟಕದಲ್ಲಿ ಆರು ದಿನ, ವಾರ್ಡಿನಲ್ಲಿ ಇನ್ನೊಂದು ವಾರ. ಅವರು ಅಲ್ಲಿರುವಾಗಲೇ ಬಯಾಪ್ಸಿಯ ವರದಿ ಬಂತು. ಕ್ಯಾನ್ಸರ್ ಇರಲಿಲ್ಲ.

ಒಬ್ಬರ ಕಥೆಯಿಂದ ನೀತಿ ರೂಪಿಸಲಾಗದು ಎಂಬ ಅರಿವು ಕಡತ ನೋಡಿದ ನನಗೆ ಇದೆ. ಹಾಗಾಗಿ ಪರ್ಯಾಯವೇನು ಎಂಬುದನ್ನು ನೋಡೋಣ. ಗುದನಾಳವನ್ನು ತಪ್ಪಿಸಿ, ವೃಷಣ ಮತ್ತು ಗುದದ್ವಾರದ ನಡುವಿನ ಚರ್ಮವನ್ನು ಶುಚಿಗೊಳಿಸಿ, ಅಲ್ಲಿಂದಲೇ ಸೂಜಿ ಹಾಯಿಸುವ ಇನ್ನೊಂದು ವಿಧಾನವಿದೆ. ಚರ್ಮವನ್ನು ಔಷಧದಿಂದ ಒರೆಸಿ ಶುದ್ಧಗೊಳಿಸಬಹುದು, ಗುದನಾಳವನ್ನು ಹಾಗೆ ಮಾಡುವುದು ಕಷ್ಟ ಎಂಬುದೇ ಇದರ ಹಿಂದಿನ ಸರಳ ತರ್ಕ. ಹಿಂದೆ ಇದಕ್ಕೆ ಪೂರ್ಣ ಅರಿವಳಿಕೆ ಬೇಕಾಗುತ್ತಿತ್ತು. ಈಗ ಆ ಜಾಗಕ್ಕಷ್ಟೇ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಹೊರರೋಗಿ ವಿಭಾಗದಲ್ಲೇ ಮಾಡುತ್ತಾರೆ. ಯುರೋಪಿನಲ್ಲಿ ಇದರತ್ತ ವಾಲಲು ಮತ್ತೊಂದು ಕಾರಣವೂ ಒದಗಿತು. ಸ್ನಾಯುರಜ್ಜು, ನರಗಳಿಗೆ ಹಾನಿಯಾಗುವ ಭಯದಿಂದ ಸಿಪ್ರೊಫ್ಲಾಕ್ಸಸಿನ್ ಬಳಗದ ಔಷಧಗಳ ಬಳಕೆಯನ್ನು ಯುರೋಪಿಯನ್ ಒಕ್ಕೂಟ 2019ರ ಮಾರ್ಚ್‌ನಲ್ಲಿ ನಿರ್ಬಂಧಿಸಿದಾಗ, ಬಯಾಪ್ಸಿಗೆ ಮುನ್ನ ಅದನ್ನು ಕೊಡುವ ಹಳೆಯ ಪದ್ಧತಿಯೇ ಅಲ್ಲಿ ಕುಸಿಯಿತು. ಚರ್ಮದ ಮಾರ್ಗವೇ ಮೊದಲ ಆಯ್ಕೆಯಾಗಲಿ ಎಂದು ಯುರೋಪಿನ ಮೂತ್ರರೋಗ ತಜ್ಞರ ಸಂಘ ಹೇಳತೊಡಗಿತು. ಅಮೆರಿಕದ ಸಂಘ ಮಾತ್ರ 2023ರ ಮಾರ್ಗಸೂಚಿಯಲ್ಲಿ ಎರಡರಲ್ಲಿ ಯಾವುದಾದರೂ ಆದೀತು ಎಂದಿತು.

ತಜ್ಞರೇ ಹೀಗೆ ಭಿನ್ನವಾಗಿ ನುಡಿಯಲು ಕಾರಣ, ಪ್ರಯೋಗಗಳ ಫಲಿತಾಂಶವೂ ಏಕರೂಪವಾಗಿಲ್ಲದಿರುವುದು. ಅಮೆರಿಕದ ಹಲವು ಕೇಂದ್ರಗಳಲ್ಲಿ 658 ಮಂದಿಯ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಚರ್ಮದ ಮಾರ್ಗದವರಿಗೆ ಮುಂಜಾಗ್ರತೆಯ ಆ್ಯಂಟಿಬಯೊಟಿಕ್ ಕೊಡದಿದ್ದರೂ ಒಬ್ಬರಿಗೂ ಸೋಂಕಾಗಲಿಲ್ಲ. ಗುದಮಾರ್ಗದವರಿಗೆ ಮೊದಲೇ ಗುದನಾಳದ ದ್ರವ ಪರೀಕ್ಷಿಸಿ ಅದಕ್ಕೆ ಹೊಂದುವ ಔಷಧವನ್ನೇ ಕೊಟ್ಟಿದ್ದರು. ಅವರಲ್ಲಿ ಶೇ 1.4ರಷ್ಟು, ಅಂದರೆ ನಾಲ್ವರಿಗೆ ಸೋಂಕಾಯಿತು. ಆದರೆ ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿ ನಡೆದ, ಅದೇ ವರ್ಷ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಎರಡೂ ಗುಂಪುಗಳ ಸೋಂಕಿನ ಪ್ರಮಾಣ ಹೆಚ್ಚುಕಡಿಮೆ ಒಂದೇ: ಶೇ 2.6 ಮತ್ತು ಶೇ 2.7. ಬ್ರಿಟನ್ನಿನ ಹತ್ತು ಆಸ್ಪತ್ರೆಗಳ 1,126 ಮಂದಿಯ ಪ್ರಯೋಗ 2025ರಲ್ಲಿ ಹೊರಬಂತು. ಸೋಂಕಿನಿಂದ ಆಸ್ಪತ್ರೆ ಸೇರಿದವರು ಚರ್ಮದ ಮಾರ್ಗದಲ್ಲಿ ಇಬ್ಬರು, ಗುದಮಾರ್ಗದಲ್ಲಿ ಒಂಬತ್ತು ಮಂದಿ. ಚಿಕಿತ್ಸೆ ಬೇಕಾಗುವಂಥ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣವೂ ಚರ್ಮದ ಮಾರ್ಗದಲ್ಲೇ ತುಸು ಹೆಚ್ಚು: ಶೇ 60, ಇನ್ನೊಂದರಲ್ಲಿ ಶೇ 54. ಪ್ರತಿಯಾಗಿ, ಚರ್ಮದ ಮಾರ್ಗದಲ್ಲಿ ಚುಚ್ಚುವಾಗಿನ ನೋವು ಹೆಚ್ಚು. ಬೇರೆ ಸಲಕರಣೆ, ಬೇರೆ ತರಬೇತಿ ಬೇಕು.

ಈ ಅಂಕಿಗಳನ್ನು ಓದುವಾಗ ಒಂದು ಎಚ್ಚರಿಕೆ ಅಗತ್ಯ. ಆಲ್ಬನಿಯ ಸಮಬಲ ಆಲ್ಬನಿಯ ಕರುಳುಗಳಿಗೆ ಸಂಬಂಧಿಸಿದ್ದು. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಕಡಿಮೆಯಿರುವ ಕಡೆ ಗುದಮಾರ್ಗವನ್ನು ಔಷಧದ ಬಲದಿಂದ ಸುರಕ್ಷಿತವಾಗಿಸಬಹುದು; ಹೆಚ್ಚಿರುವ ಕಡೆ ಆ ಬಲವೇ ಕುಗ್ಗುತ್ತದೆ. ಆದ್ದರಿಂದ ನಮ್ಮ ದೇಶಕ್ಕೆ ಚರ್ಮದ ಮಾರ್ಗದ ಪರವಾದ ವಾದ ಯುರೋಪಿಗಿಂತ ಬಲವಾದದ್ದು ಎಂಬುದು ನನ್ನ ತೀರ್ಮಾನ. ಅದು ಲಭ್ಯವಿಲ್ಲದ ಊರುಗಳಲ್ಲಿ ಗುದಮಾರ್ಗವನ್ನೇ ಬಳಸಬೇಕಾದರೂ ಮಾಡಬಹುದಾದ್ದು ಬೇಕಾದಷ್ಟಿದೆ. ಚುಚ್ಚುವ ಮೊದಲು ಗುದನಾಳವನ್ನು ಪೊವಿಡೋನ್ ಅಯೋಡಿನ್ ದ್ರಾವಣದಿಂದ ಶುಚಿಗೊಳಿಸಿದರೆ ಸೋಂಕು ಗಣನೀಯವಾಗಿ ತಗ್ಗುತ್ತದೆ ಎಂದು ಹಲವು ಪ್ರಯೋಗಗಳು ತೋರಿಸಿವೆ. ನಾವು ತರಚು ಗಾಯಕ್ಕೆ ಹಚ್ಚುವ ಅದೇ ಕಂದು ಔಷಧ ಅದು, ಬೆಲೆ ಅತ್ಯಲ್ಪ. ಕೆಲವು ದಿನ ಮೊದಲೇ ಗುದನಾಳದ ದ್ರವದ ಕಲ್ಚರ್ ಪರೀಕ್ಷೆ ಮಾಡಿಸಿ, ಯಾವ ಔಷಧ ನಾಟುತ್ತದೆ ಎಂದು ತಿಳಿದು ಅದನ್ನೇ ಕೊಡುವುದು ಇನ್ನೊಂದು ಉಪಾಯ.

ಎಲ್ಲಕ್ಕಿಂತ ಸುರಕ್ಷಿತ ಬಯಾಪ್ಸಿ ಎಂದರೆ ಅನಗತ್ಯವಾದದ್ದನ್ನು ಮಾಡದೆ ಬಿಡುವುದು. ಈ ದಿಸೆಯಲ್ಲಿ ದೊಡ್ಡ ಬದಲಾವಣೆ ತಂದದ್ದು ಎಂಆರ್‌ಐ. ಬ್ರಿಟನ್ನಿನಲ್ಲಿ 576 ಮಂದಿಯ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವು, ಮೊದಲು ಎಂಆರ್‌ಐ ಮಾಡಿದರೆ ನಾಲ್ವರಲ್ಲಿ ಒಬ್ಬರಿಗೆ ಬಯಾಪ್ಸಿಯನ್ನೇ ತಪ್ಪಿಸಬಹುದು ಎಂದಿತು. ಮರುವರ್ಷ 500 ಮಂದಿಯ ಮೇಲೆ ಹಲವು ದೇಶಗಳಲ್ಲಿ ನಡೆದ ಪ್ರಯೋಗದಲ್ಲಿ, ಎಂಆರ್‌ಐ ತೋರಿಸಿದ ಜಾಗಕ್ಕಷ್ಟೇ ಸೂಜಿ ಹಾಕಿದ ಗುಂಪಿನಲ್ಲಿ ಶೇ 38ರಷ್ಟು ಮಂದಿಗೆ ಗಂಭೀರ ಕ್ಯಾನ್ಸರ್ ಪತ್ತೆಯಾಯಿತು. ಹಳೆಯ ಕ್ರಮದಲ್ಲಿ ಅದು ಶೇ 26. ಕಡಿಮೆ ಚುಚ್ಚಿ ಹೆಚ್ಚು ಕಂಡುಕೊಂಡಂತಾಯಿತು. ನನ್ನ ವಿಷಯದಲ್ಲಿಯೂ ವೈದ್ಯರು ಅವಸರಿಸಲಿಲ್ಲ. ಆರು ವಾರ ಬಿಟ್ಟು ಪಿಎಸ್‌ಎ ಮತ್ತೊಮ್ಮೆ ನೋಡಿದರು, ಇಳಿಯಲಿಲ್ಲ. ಎಂಆರ್‌ಐ ಮಾಡಿಸಿದರು, ಒಂದು ಕಡೆ ಅನುಮಾನದ ಕಲೆ ಕಂಡಿತು. ಆಮೇಲೆಯೇ ಬಯಾಪ್ಸಿಯ ಮಾತು ಬಂದದ್ದು.

ಇಷ್ಟೆಲ್ಲ ಓದಿ ಯಾರಾದರೂ ಬಯಾಪ್ಸಿಯೇ ಬೇಡ ಎಂದುಕೊಂಡರೆ ಅದು ಈ ಲೇಖನದ ಉದ್ದೇಶಕ್ಕೆ ವಿರುದ್ಧ. ಬೆಂಗಳೂರಿನಲ್ಲಿ 1982ರಿಂದ ಕಿದ್ವಾಯಿ ಸ್ಮಾರಕ ಸಂಸ್ಥೆಯ ಆಶ್ರಯದಲ್ಲಿ ನಡೆಯುತ್ತಿರುವ ಕ್ಯಾನ್ಸರ್ ನೋಂದಣಿಯ ಪ್ರಕಾರ ನಗರದ ಗಂಡಸರಲ್ಲಿ ಕಾಣುವ ಪ್ರಮುಖ ಕ್ಯಾನ್ಸರ್‌ಗಳಲ್ಲಿ ಪ್ರಾಸ್ಟೇಟಿನದೂ ಒಂದು. ಮೂಳೆಗೆ ಹಬ್ಬಿ, ಬೆನ್ನುನೋವೆಂದು ಬರುವ ಹೊತ್ತಿಗೆ ತಡವಾಗಿರುತ್ತದೆ. ಬೇಗ ಸಿಕ್ಕಿದ್ದಕ್ಕೆಲ್ಲ ತಕ್ಷಣ ಕತ್ತರಿ ಹಾಕಬೇಕೆಂದೂ ಇಲ್ಲ. ಬ್ರಿಟನ್ನಿನಲ್ಲಿ ಗ್ರಂಥಿಯೊಳಗೇ ಇದ್ದ ಕ್ಯಾನ್ಸರಿನ 1,643 ಮಂದಿಯನ್ನು ಶಸ್ತ್ರಚಿಕಿತ್ಸೆ, ವಿಕಿರಣ, ಬರೀ ನಿಗಾ ಎಂಬ ಮೂರು ಗುಂಪು ಮಾಡಿ ಸುಮಾರು 15 ವರ್ಷ ಹಿಂಬಾಲಿಸಿದ ಪ್ರಯೋಗದಲ್ಲಿ, ಆ ಕ್ಯಾನ್ಸರಿನಿಂದ ಸತ್ತವರು ಒಟ್ಟು ಶೇ 2.7 ಮಾತ್ರ, ಮೂರು ಗುಂಪುಗಳ ನಡುವೆ ಇದರಲ್ಲಿ ಗಮನಾರ್ಹ ವ್ಯತ್ಯಾಸವಿರಲಿಲ್ಲ. ಯಾವುದು ಕಾಯಬಲ್ಲ ಕ್ಯಾನ್ಸರ್, ಯಾವುದು ಕಾಯದ್ದು ಎಂದು ಬೇರ್ಪಡಿಸಲು ಬೇಕಾದದ್ದೂ ಬಯಾಪ್ಸಿಯೇ.

ಸಹಿ ಹಾಕುವ ಮೊದಲು ನಾನು ವೈದ್ಯರಿಗೆ ಒಂದು ಪ್ರಶ್ನೆ ಕೇಳಿದೆ. ‘ಡಾಕ್ಟ್ರೇ, ಕಳೆದ ವರ್ಷ ನಿಮ್ಮಲ್ಲಿ ಎಷ್ಟು ಪ್ರಾಸ್ಟೇಟ್ ಬಯಾಪ್ಸಿ ಆದವು? ಅವರಲ್ಲಿ ಎಷ್ಟು ಮಂದಿ ಜ್ವರ ಬಂದು ದಾಖಲಾದರು?’ ಸಜ್ಜನರಾದ ಆ ವೈದ್ಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ಮಲ್ಲಿ ಕಡಿಮೆ ಸರ್, ಆದರೆ ಹಾಗೆ ಲೆಕ್ಕ ಅಂತ ಇಟ್ಟಿಲ್ಲ. ಜ್ವರ ಬಂದವರು ಹತ್ತಿರದ ಆಸ್ಪತ್ರೆಗೆ ಹೋಗಿಬಿಟ್ಟರೆ ನಮಗೆ ತಿಳಿಯುವುದೂ ಇಲ್ಲ’ ಎಂದರು. ಪ್ರಾಮಾಣಿಕ ಉತ್ತರ. ನನ್ನ ಸಹೋದ್ಯೋಗಿಯೂ ಬೇರೆ ಆಸ್ಪತ್ರೆಗೇ ಹೋದದ್ದು. ಮೊದಲ ಆಸ್ಪತ್ರೆಯ ಪುಸ್ತಕದಲ್ಲಿ ಅವರದು ಇಂದಿಗೂ ಯಶಸ್ವಿ ಬಯಾಪ್ಸಿಯೇ ಇರಬೇಕು. ನನ್ನದು ಚರ್ಮದ ಮಾರ್ಗದಲ್ಲಿ ಆಯಿತು. ನೋವು ಅವರು ಹೇಳಿದ್ದಕ್ಕಿಂತ ಹೆಚ್ಚಿತ್ತು, ಜ್ವರ ಬರಲಿಲ್ಲ, ಸಿಕ್ಕಿದ್ದು ನಿಗಾದಲ್ಲಿಟ್ಟರೆ ಸಾಕೆನ್ನುವ ದರ್ಜೆಯದು.

ಅಮೆರಿಕದ ಅರ್ಥಶಾಸ್ತ್ರಜ್ಞ ಕೆನೆತ್ ಆ್ಯರೋ 1963ರಲ್ಲಿ ಬರೆದ ಒಂದು ಪ್ರಬಂಧವನ್ನು ಎಂಎ ತರಗತಿಯಲ್ಲಿ ಓದಿದ್ದೆವು. ಚಿಕಿತ್ಸೆಯ ಮಾರುಕಟ್ಟೆ ಉಳಿದ ಮಾರುಕಟ್ಟೆಗಳಂತಲ್ಲ. ಕೊಳ್ಳುವವನಿಗೆ ಸರಕಿನ ಗುಣ ತಿಳಿಯದು, ಮಾರುವವನಿಗೆ ತಿಳಿದಿರುತ್ತದೆ, ಹಾಗಾಗಿ ಇಡೀ ವ್ಯವಹಾರ ನಂಬಿಕೆಯ ಮೇಲೆ ನಿಂತಿದೆ ಎಂಬುದು ಅದರ ಸಾರ. ಇಲ್ಲಿ ಪರಿಸ್ಥಿತಿ ಇನ್ನೂ ವಿಚಿತ್ರ. ಮಾರುವವರಿಗೂ ತಿಳಿದಿಲ್ಲ! 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ, ರೋಗಿಯ ಸಮ್ಮತಿ ಪಡೆಯುವ ಮುನ್ನ ಪ್ರಕ್ರಿಯೆಯ ಸ್ವರೂಪ, ಪರ್ಯಾಯಗಳು ಮತ್ತು ಗಣನೀಯ ಅಪಾಯಗಳನ್ನು ತಿಳಿಸಬೇಕು, ದೂರದ ಅಪಾಯಗಳನ್ನು ಹೇಳಬೇಕಿಲ್ಲ ಎಂದು ಸ್ಪಷ್ಟಪಡಿಸಿತು. ನೂರಕ್ಕೆ ಒಬ್ಬರಿಗೆ ಆಗುವುದು ಗಣನೀಯವೋ ದೂರವೋ? ಲೆಕ್ಕವೇ ಇಲ್ಲದಿದ್ದರೆ ಆ ಪ್ರಶ್ನೆಯನ್ನು ಎತ್ತುವುದೂ ಸಾಧ್ಯವಿಲ್ಲ.

ಒಂಟಾರಿಯೊದವರು ಲೆಕ್ಕ ಹಾಕಲು ಸಾಧ್ಯವಾದದ್ದು ಹೇಗೆ? ಅಲ್ಲಿ ಎಲ್ಲರ ಚಿಕಿತ್ಸೆಗೂ ಹಣ ಕೊಡುವುದು ಒಂದೇ ಸರ್ಕಾರಿ ವ್ಯವಸ್ಥೆ. ಬಯಾಪ್ಸಿ ಒಂದು ಆಸ್ಪತ್ರೆಯಲ್ಲಾಗಿ ಜ್ವರಕ್ಕೆ ಇನ್ನೊಂದಕ್ಕೆ ಹೋದರೂ ಎರಡೂ ಬಿಲ್ಲುಗಳು ಒಂದೇ ಕಡೆ ಬರುತ್ತವೆ. ನಮ್ಮಲ್ಲಿ ಅಷ್ಟು ಏಕೀಕೃತ ವ್ಯವಸ್ಥೆ ಇಲ್ಲದಿದ್ದರೂ, ಸರ್ಕಾರದ ಆರೋಗ್ಯ ಯೋಜನೆಗಳ ಬಳಿ ಮತ್ತು ವಿಮಾ ಕಂಪನಿಗಳ ಬಳಿ ತಂತಮ್ಮ ಫಲಾನುಭವಿಗಳ ಬಿಲ್ಲುಗಳಿವೆ. ಬಯಾಪ್ಸಿಯಾದ 30 ದಿನಗಳೊಳಗೆ ಸೋಂಕಿನಿಂದ ದಾಖಲಾದವರೆಷ್ಟು ಎಂದು ಆಸ್ಪತ್ರೆವಾರು ಪಟ್ಟಿ ತೆಗೆಯುವುದಕ್ಕೆ ಹೊಸ ಕಾಯ್ದೆಯೇನೂ ಬೇಡ, ಒಬ್ಬ ಆಸಕ್ತ ಅಧಿಕಾರಿ ಸಾಕು. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ರಾಜ್ಯ ಸರ್ಕಾರ 2017ರಲ್ಲಿ ತಿದ್ದುಪಡಿ ತಂದಾಗ ಎದ್ದ ಗದ್ದಲ, ವೈದ್ಯರ ಮುಷ್ಕರ ಹಲವರಿಗೆ ನೆನಪಿರಬಹುದು. ಆ ಜಗಳವೆಲ್ಲ ಮುಖ್ಯವಾಗಿ ದರ ಮತ್ತು ದಂಡದ ಸುತ್ತ ನಡೆಯಿತು. ಯಾವ ಚಿಕಿತ್ಸೆಗೆ ಎಷ್ಟು ಎಂದು ಗೋಡೆಯ ಮೇಲೆ ಬರೆಸುವುದಕ್ಕೆ ತೋರಿದ ಉತ್ಸಾಹದ ಕಾಲು ಭಾಗವನ್ನು, ಎಷ್ಟು ಮಂದಿ ತೊಂದರೆಗೊಳಗಾದರು ಎಂದು ದಾಖಲಿಸುವುದಕ್ಕೆ ಸರ್ಕಾರವೂ ತೋರಲಿಲ್ಲ, ಪ್ರಶ್ನಿಸಿದ ನಾವೂ ತೋರಲಿಲ್ಲ.

ಆ ಪಟ್ಟಿ ಬರುವವರೆಗೆ, ಬಯಾಪ್ಸಿಯ ದಿನಾಂಕ ಹಿಡಿದು ಕೂತಿರುವವರು ಕೆಲವನ್ನು ತಾವೇ ವಿಚಾರಿಸಿಕೊಳ್ಳಬೇಕು. ಎಂಆರ್‌ಐ ಮೊದಲು ಮಾಡಬಹುದೇ, ಸೂಜಿ ಯಾವ ಮಾರ್ಗವಾಗಿ, ಯಾವ ಔಷಧ ಕೊಡುತ್ತೀರಿ ಎಂದು ಕೇಳಿದರೆ ಒಳ್ಳೆಯ ವೈದ್ಯರು ಬೇಸರಿಸುವುದಿಲ್ಲ. ಮಧುಮೇಹ, ಕಳೆದ ಆರು ತಿಂಗಳಲ್ಲಿ ನುಂಗಿದ ಆ್ಯಂಟಿಬಯೊಟಿಕ್, ಆಸ್ಪತ್ರೆ ವಾಸ, ರಕ್ತ ತೆಳುವಾಗಿಸುವ ಗುಳಿಗೆ, ಇವನ್ನು ಅವರು ಕೇಳದಿದ್ದರೂ ಹೇಳಬೇಕು. ಬಯಾಪ್ಸಿಯ ನಂತರ ಕೆಲವು ದಿನ ಮೂತ್ರದಲ್ಲಿ, ಕೆಲವು ವಾರ ವೀರ್ಯದಲ್ಲಿ ರಕ್ತದ ಬಣ್ಣ ಕಂಡರೆ ಗಾಬರಿ ಬೇಡ. ಚಳಿಜ್ವರ ಬಂದರೆ ಅಥವಾ ಮೂತ್ರ ಕಟ್ಟಿಕೊಂಡರೆ ಮಾತ್ರ ಬೆಳಗಾಗುವುದನ್ನು ಕಾಯಬಾರದು. ತುರ್ತು ಚಿಕಿತ್ಸಾ ಘಟಕದಲ್ಲಿ ಮೊದಲು ಹೇಳಬೇಕಾದ್ದು ಜ್ವರದ ಡಿಗ್ರಿಯನ್ನಲ್ಲ; ಪ್ರಾಸ್ಟೇಟ್ ಬಯಾಪ್ಸಿ ಯಾವತ್ತು ಆಯಿತು ಮತ್ತು ಆಗ ಯಾವ ಆ್ಯಂಟಿಬಯೊಟಿಕ್ ಕೊಟ್ಟಿದ್ದರು ಎಂಬುದನ್ನು. ಆ ಔಷಧ ಈಗಾಗಲೇ ಸೋತಿದೆ ಎಂದು ತಿಳಿದರೆ ವೈದ್ಯರು ಮೊದಲ ಗಂಟೆಯಲ್ಲೇ ಬೇರೆಯದನ್ನು ಆರಿಸಬಲ್ಲರು. ಔಷಧದ ಹೆಸರು ಬರೆದ ಚೀಟಿ ಜೇಬಿನಲ್ಲಿದ್ದರೆ ಸಾಲದು, ಅದು ಎಲ್ಲಿದೆ ಎಂಬುದು ಮನೆಯವರಿಗೂ ಗೊತ್ತಿರಬೇಕು.